ಕಮ್ಯುನಿಸಂ ಭಯದಿಂದ ಅಮೆರಿಕದ ಒಳಬದುಕಿಗೆ ಒಳಿತಾಯಿತೇ? ಪರ–ವಿರೋಧ

1947ರ ಮಾರ್ಚ್ 12ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಅಮೆರಿಕದ ಸಂಸತ್ತಿನ ಮುಂದೆ ನಿಂತು ಗ್ರೀಸ್ ಮತ್ತು ಟರ್ಕಿಗಳಿಗೆ 40 ಕೋಟಿ ಡಾಲರ್ ನೆರವು ಕೇಳಿದರು. ಕಮ್ಯುನಿಸಂ ಹರಡದಂತೆ ತಡೆಯುವುದು ಇನ್ನು ಮುಂದೆ ದೇಶದ ನೀತಿ ಎಂಬುದು ಆ ಭಾಷಣದ ತಿರುಳಾಗಿತ್ತು. ಅದಾಗಿ ಒಂಬತ್ತು ದಿನಕ್ಕೆ ಅವರು ಸಹಿ ಹಾಕಿದ 9835ನೇ ಆಜ್ಞೆಯು ಕೇಂದ್ರ ಸರ್ಕಾರದ ಪ್ರತಿಯೊಬ್ಬ ನಾಗರಿಕ ನೌಕರನ ದೇಶನಿಷ್ಠೆಯನ್ನು ತನಿಖೆಗೆ ಒಳಪಡಿಸಿತು. ಅಮೆರಿಕ, ಸೋವಿಯತ್ ಒಕ್ಕೂಟಗಳೆಂಬ ಎರಡು ಮಹಾಶಕ್ತಿಗಳ ಪೈಪೋಟಿ ಅಮೆರಿಕದವರ ಮನೆಯೊಳಗೆ ಕಾಲಿಟ್ಟದ್ದು ಹೀಗೆ. ಮುಂದಿನ ಹದಿನೈದು ವರ್ಷಗಳಲ್ಲಿ ಶಾಲೆ, ರಸ್ತೆ, ವಸತಿ, ಕಾರ್ಖಾನೆ, ವೈದ್ಯಕೀಯ ವ್ಯವಸ್ಥೆ ಯಾವುದೂ ಅದರ ಪ್ರಭಾವದಿಂದ ಹೊರಗುಳಿಯಲಿಲ್ಲ. ಅದರಿಂದ ಆದದ್ದು ಒಳಿತೇ, ಕೆಡುಕೇ ಎಂಬ ಪ್ರಶ್ನೆಗೆ ಎರಡೂ ಕಡೆಯ ವಾದಗಳನ್ನು ಅವುಗಳ ಪೂರ್ಣ ಬಲದೊಂದಿಗೆ ಮುಂದಿಡುವುದು ಇಲ್ಲಿನ ಉದ್ದೇಶ. ನನ್ನ ಒಲವು ವಿರೋಧದ ಕಡೆಗಿದೆ, ಆದರೂ ಪರವಾದವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲವೆಂದು ನಂಬಿದ್ದೇನೆ.

ಪರ

ಆ ಭಯಕ್ಕೆ ಗಟ್ಟಿಯಾದ ಕಾರಣಗಳಿದ್ದವು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 1945ರ ಸೆಪ್ಟೆಂಬರಿನಲ್ಲಿ, ಕೆನಡಾದ ಒಟ್ಟಾವಾದಲ್ಲಿದ್ದ ಸೋವಿಯತ್ ರಾಯಭಾರ ಕಚೇರಿಯ ಸಂಕೇತಲಿಪಿ ಗುಮಾಸ್ತ ಇಗೋರ್ ಗುಜೆಂಕೊ ನೂರಕ್ಕೂ ಹೆಚ್ಚು ಕಾಗದಪತ್ರಗಳೊಂದಿಗೆ ಹೊರಬಂದಾಗ, ಯುದ್ಧಕಾಲದ ಮಿತ್ರದೇಶವೇ ಅಣುಬಾಂಬಿನ ಗುಟ್ಟಿಗಾಗಿ ಬೇಹುಗಾರರ ಜಾಲ ಹೆಣೆದಿದ್ದುದು ಬಯಲಾಯಿತು. ಲಾಸ್ ಅಲಮೋಸ್‌ನಲ್ಲಿ ಬಾಂಬು ರೂಪಿಸುವ ಕೆಲಸದಲ್ಲಿದ್ದ ಭೌತವಿಜ್ಞಾನಿ ಕ್ಲಾಸ್ ಫುಕ್ಸ್ 1950ರ ಆರಂಭದಲ್ಲಿ ಬ್ರಿಟನ್ನಿನಲ್ಲಿ ತಪ್ಪೊಪ್ಪಿಕೊಂಡರು. ಅಷ್ಟರಲ್ಲಿ ಕಾಲ ಮೀರಿತ್ತು. 1949ರ ಆಗಸ್ಟ್ 29ರಂದೇ ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು ಸಿಡಿಸಿಯಾಗಿತ್ತು, ಅದೂ ಅಮೆರಿಕದ ಗುಪ್ತಚರರ ಅಂದಾಜಿಗಿಂತ ವರ್ಷಗಳಷ್ಟು ಮುಂಚೆ. ಅದೇ ಅಕ್ಟೋಬರಿನಲ್ಲಿ ಮಾವೋ ಚೀನಾದ ಅಧಿಕಾರ ಹಿಡಿದರು, ಮರುವರ್ಷದ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ ದಕ್ಷಿಣಕ್ಕೆ ನುಗ್ಗಿತು. ಸೋವಿಯತ್ ಗುಪ್ತಚರರ ತಂತಿ ಸಂದೇಶಗಳನ್ನು ಬಿಡಿಸುತ್ತಿದ್ದ ವೆನೋನಾ ಯೋಜನೆಯ ಕಡತಗಳು 1995ರಲ್ಲಿ ಬಹಿರಂಗವಾದ ಮೇಲೆ, ಯುದ್ಧಕಾಲದ ಅಮೆರಿಕದ ಆಡಳಿತದೊಳಗೆ ಅವರಿಗೆ ಮಾಹಿತಿ ಒದಗಿಸುವವರು ಇದ್ದರು ಎಂಬ ವಿಷಯದಲ್ಲಿ ಗಂಭೀರ ಇತಿಹಾಸಕಾರರಲ್ಲಿ ಹೆಚ್ಚಿನ ತಕರಾರು ಉಳಿದಿಲ್ಲ. ಇಷ್ಟೆಲ್ಲ ನಡೆಯುವಾಗ ಕೈಕಟ್ಟಿ ಕುಳಿತ ಸರ್ಕಾರವನ್ನು ಯಾವ ಪ್ರಜೆಯೂ ಕ್ಷಮಿಸುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ವಾದ ಇನ್ನೊಂದಿದೆ. ಎದುರಾಳಿ ನೋಡುತ್ತಿದ್ದಾನೆ ಎಂಬ ಎಚ್ಚರ ಅಮೆರಿಕವನ್ನು ತನ್ನ ಅತಿ ಹಳೆಯ ಕಳಂಕದ ಕಡೆಗೆ ತಿರುಗಿ ನೋಡುವಂತೆ ಮಾಡಿತು. ವರ್ಣಭೇದದ ಪ್ರತಿಯೊಂದು ಸುದ್ದಿಯೂ ಸೋವಿಯತ್ ಪತ್ರಿಕೆಗಳ ಮೂಲಕ ಏಷ್ಯಾ, ಆಫ್ರಿಕಾಗಳ ಹೊಸ ರಾಷ್ಟ್ರಗಳನ್ನು ತಲುಪುತ್ತಿತ್ತು. ಭಾರತಕ್ಕೆ ಇದರ ನೇರ ಅನುಭವವೂ ಆಯಿತು. 1955ರ ಆಗಸ್ಟ್‌ನಲ್ಲಿ ಹ್ಯೂಸ್ಟನ್ ವಿಮಾನ ನಿಲ್ದಾಣದ ಭೋಜನಾಲಯದಲ್ಲಿ ನಮ್ಮ ರಾಯಭಾರಿ ಜಿ.ಎಲ್. ಮೆಹ್ತಾ ಅವರನ್ನು ಬಿಳಿಯರ ಸಾಲಿನಿಂದ ಬೇರ್ಪಡಿಸಿ ಪ್ರತ್ಯೇಕ ಕೋಣೆಗೆ ಕಳುಹಿಸಲಾಯಿತು. ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲ್ಲೆಸ್ ಕ್ಷಮೆ ಕೋರಬೇಕಾಯಿತು. ಒಂದು ಕೌಂಟರಿನ ಹಿಂದೆ ನಿಂತ ಸಿಬ್ಬಂದಿಯ ನಡವಳಿಕೆ ದೇಶದ ವಿದೇಶಾಂಗ ನೀತಿಯನ್ನೇ ಕೆಡಿಸಬಲ್ಲದು ಎಂಬುದು ಆಡಳಿತಕ್ಕೆ ಇದಕ್ಕೂ ಮೊದಲೇ ಅರ್ಥವಾಗಿದ್ದರಿಂದಲೇ, 1952ರ ಡಿಸೆಂಬರಿನಲ್ಲಿ ನ್ಯಾಯಾಂಗ ಇಲಾಖೆ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಹೇಳಿಕೆಯಲ್ಲಿ, ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆಗಳ ಪದ್ಧತಿಯು ಕಮ್ಯುನಿಸ್ಟ್ ಪ್ರಚಾರಕ್ಕೆ ಮೇವಾಗುತ್ತಿದೆ ಎಂದು ಸ್ಪಷ್ಟವಾಗಿ ವಾದಿಸಿತು. 1954ರ ಮೇ 17ರಂದು ಆ ಪದ್ಧತಿ ಸಂವಿಧಾನಕ್ಕೆ ವಿರುದ್ಧವೆಂದ ಬ್ರೌನ್ ಪ್ರಕರಣದ ತೀರ್ಪು ಬಂದಾಗ ಸರ್ಕಾರಿ ರೇಡಿಯೊ ವಾಯ್ಸ್ ಆಫ್ ಅಮೆರಿಕ ಅದನ್ನು ಕೂಡಲೇ ಹಲವು ಭಾಷೆಗಳಲ್ಲಿ ಜಗತ್ತಿಗೆ ಬಿತ್ತರಿಸಿತು. ನ್ಯಾಯಕ್ಕಾಗಿ ದಶಕಗಳಿಂದ ಹೋರಾಡುತ್ತಿದ್ದ ಕಪ್ಪು ಜನರ ಶ್ರಮವನ್ನು ಇದು ಕಿರಿದಾಗಿಸುವುದಿಲ್ಲ. ಅವರ ಮಾತಿಗೆ ಕಿವಿಗೊಡುವ ಅನಿವಾರ್ಯತೆಯನ್ನು ಮಾತ್ರ ಶೀತಲ ಸಮರ ಸೃಷ್ಟಿಸಿತು.

ಶಿಕ್ಷಣದ ಕಥೆಯೂ ಅಂಥದೇ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಭೂಮಿಯನ್ನು ಸುತ್ತತೊಡಗಿತು. ಅಲ್ಲಿಯವರೆಗೆ ಶಾಲೆಗಳಿಗೆ ಕೇಂದ್ರದ ಹಣ ಕೊಡಲು ಹಿಂಜರಿಯುತ್ತಿದ್ದ ಸಂಸತ್ತು ಒಂದು ವರ್ಷ ತುಂಬುವುದರೊಳಗೆ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯನ್ನು ಅಂಗೀಕರಿಸಿತು. ಗಣಿತ, ವಿಜ್ಞಾನಗಳ ಬೋಧನೆಗೆ, ಬಡ ವಿದ್ಯಾರ್ಥಿಗಳ ಸಾಲಕ್ಕೆ, ವಿದೇಶಿ ಭಾಷೆಗಳ ಅಧ್ಯಯನಕ್ಕೆ ಹಣ ಹರಿಯಿತು. ಆ ಹಣದಿಂದ ಬೆಳೆದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರಗಳಲ್ಲಿ ಶಿಕಾಗೋ ವಿಶ್ವವಿದ್ಯಾಲಯದ್ದೂ ಒಂದು. ಮೈಸೂರಿನ ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಸೇರಿದರು, ಅಲ್ಲಿದ್ದುಕೊಂಡೇ ವಚನಗಳನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದರು. ಬಸವಣ್ಣ, ಅಲ್ಲಮರ ಮಾತು ಅಷ್ಟು ದೂರ ಹೋದದ್ದರ ಹಿಂದಿನ ಹಲವು ಕಾರಣಗಳಲ್ಲಿ, ಸೋವಿಯತ್ ಉಪಗ್ರಹಕ್ಕೆ ಹೆದರಿದ ಸಂಸತ್ತು ವಿದೇಶಿ ಭಾಷೆಗಳಿಗೆ ಮೀಸಲಿಟ್ಟ ಹಣವೂ ಒಂದು.

ರಸ್ತೆಗಳ ಮಾತು ಹೆಚ್ಚು ಬೇಕಿಲ್ಲ. 1956ರ ಕಾಯ್ದೆಯಡಿ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿಗಳಿಗೆ ಮಂಜೂರಾತಿ ಸಿಕ್ಕಾಗ ಅವುಗಳ ಹೆಸರಿನಲ್ಲೇ ರಕ್ಷಣೆ ಎಂಬ ಪದ ಸೇರಿತ್ತು. ಸ್ವಂತ ಮನೆಯಲ್ಲಿ ವಾಸಿಸುವ ಕುಟುಂಬಗಳ ಪ್ರಮಾಣ 1940ರಲ್ಲಿ ಶೇ. 44ರಷ್ಟಿದ್ದದ್ದು 1960ರ ಹೊತ್ತಿಗೆ ಶೇ. 62ಕ್ಕೆ ಏರಿತು. 1959ರ ಜುಲೈ 24ರಂದು ಮಾಸ್ಕೋದ ಪ್ರದರ್ಶನದಲ್ಲಿ ನಿಂಬೆ ಹಳದಿ ಬಣ್ಣದ ಅಡುಗೆಮನೆಯೊಂದರ ಮುಂದೆ ನಿಂತು ಉಪಾಧ್ಯಕ್ಷ ನಿಕ್ಸನ್, ಗಂಟೆಗೆ 3 ಡಾಲರ್ ದುಡಿಯುವ ಉಕ್ಕಿನ ಕಾರ್ಮಿಕ ತಿಂಗಳಿಗೆ ನೂರು ಡಾಲರ್ ಕಂತು ಕಟ್ಟಿ ಇಂಥ ಮನೆ ಕೊಳ್ಳಬಲ್ಲನೆಂದು ಸೋವಿಯತ್ ನಾಯಕ ಕ್ರುಶ್ಚೇವ್ ಅವರಿಗೆ ಹೇಳಿದರು. ಕೂಲಿಕಾರನ ಮನೆಯ ಸ್ಥಿತಿಯನ್ನು ದೇಶದ ಗೌರವದ ಪ್ರಶ್ನೆಯನ್ನಾಗಿ ಮಾಡುವ ಪೈಪೋಟಿಯನ್ನು ಕೆಡುಕೆಂದು ಕರೆಯುವುದು ಕಷ್ಟ. ಸರ್ಕಾರದ ತುಂಬ ಕಮ್ಯುನಿಸ್ಟರಿದ್ದಾರೆಂದು ಆರೋಪಿಸುತ್ತಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿಯಂಥವರು ಮಾಡಿದ ಅತಿರೇಕ ನಿಜ, ಆದರೆ 1954ರ ಡಿಸೆಂಬರ್ 2ರಂದು 67–22 ಮತಗಳಿಂದ ಅವರಿಗೆ ಛೀಮಾರಿ ಹಾಕಿದ್ದು ಅದೇ ದೇಶದ ಸೆನೆಟ್. ಅದೇ ಕಾಲದಲ್ಲಿ ಸೋವಿಯತ್ ಪ್ರಜೆಗೆ ತನ್ನ ಸರ್ಕಾರದ ತನಿಖಾಧಿಕಾರಿಯನ್ನು ಪ್ರಶ್ನಿಸಲು ಯಾವ ವೇದಿಕೆಯೂ ಇರಲಿಲ್ಲ.

ವಿರೋಧ

ಬೇಹುಗಾರರಿದ್ದರು ಎಂಬುದರ ಬಗ್ಗೆ ವಿವಾದವಿಲ್ಲ. ಬೇಹುಗಾರನನ್ನು ಹಿಡಿಯಲು ಪೊಲೀಸರಿದ್ದಾರೆ, ಸಾಕ್ಷ್ಯವಿದೆ, ನ್ಯಾಯಾಲಯವಿದೆ. 1947ರ ಆಜ್ಞೆ ಕೈಹಾಕಿದ್ದು ಬೇರೆಯದಕ್ಕೆ: ನೌಕರನ ಮನಸ್ಸಿನಲ್ಲಿ ಏನಿದೆ, ಅವನು ಯಾವ ಸಂಘದ ಸದಸ್ಯ, ಯಾರ ಜೊತೆ ಒಡನಾಡುತ್ತಾನೆ, ಯಾವ ಪತ್ರಿಕೆ ತರಿಸುತ್ತಾನೆ ಎಂಬುದಕ್ಕೆ. ಲಕ್ಷಾಂತರ ನೌಕರರ ಕಡತಗಳನ್ನು ಜಾಲಾಡಿ ಕೆಲಸದಿಂದ ತೆಗೆದುಹಾಕಿದ್ದು ನೂರರ ಲೆಕ್ಕದಲ್ಲಿ. ತನಿಖೆಯ ಅವಮಾನಕ್ಕೆ ಬೇಸತ್ತು ತಾವಾಗಿಯೇ ರಾಜೀನಾಮೆ ಕೊಟ್ಟವರು ಸಾವಿರದ ಲೆಕ್ಕದಲ್ಲಿ. ಫುಕ್ಸ್ ಸಿಕ್ಕಿಬಿದ್ದದ್ದು ಬಿಡಿಸಿದ ಸಂದೇಶಗಳಿಂದ. ಅದಕ್ಕೆ ಯಾರ ದೇಶನಿಷ್ಠೆಯ ಮುಚ್ಚಳಿಕೆಯೂ ಬೇಕಾಗಿರಲಿಲ್ಲ.

ತನಿಖೆಯ ಕ್ರಮವಂತೂ ಮೂಗರ್ಜಿಗೆ ಕಾನೂನಿನ ಅಂಗಿ ತೊಡಿಸಿದಂತಿತ್ತು. ಸರ್ಕಾರಿ ಉದ್ಯೋಗ ಸೇವಾ ಇಲಾಖೆಯಲ್ಲಿದ್ದ ಡೊರೊತಿ ಬೇಲಿ ಅವರ ಮೇಲೆ ಕಮ್ಯುನಿಸ್ಟ್ ಎಂಬ ದೂರು ಬಂತು. ಅವರು ಅದನ್ನು ಪ್ರಮಾಣ ಮಾಡಿ ಅಲ್ಲಗಳೆದರು, ದೂರಿದವರು ಯಾರೆಂದು ಕೇಳಿದರು. ಹೆಸರು ಅವರಿಗಿರಲಿ, ವಿಚಾರಣೆ ನಡೆಸುತ್ತಿದ್ದ ಮಂಡಳಿಗೇ ತಿಳಿದಿರಲಿಲ್ಲ. ನೌಕರಿ ಹೋಯಿತು. 1951ರಲ್ಲಿ ಸುಪ್ರೀಂ ಕೋರ್ಟ್ 4–4ರಂತೆ ಸಮನಾಗಿ ಒಡೆದಿದ್ದರಿಂದ ಕೆಳಗಿನ ನ್ಯಾಯಾಲಯದ ತೀರ್ಪೇ ಉಳಿಯಿತು, ವಜಾ ಖಾಯಂ ಆಯಿತು.

ಮಿಲೊ ರಾಡುಲೊವಿಚ್ ಅವರ ಪ್ರಕರಣವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. 1953ರಲ್ಲಿ ಅವರಿಗೆ 26 ವರ್ಷ. ವಾಯುಪಡೆಯ ಮೀಸಲು ದಳದಲ್ಲಿ ಲೆಫ್ಟಿನೆಂಟ್, ಹವಾಮಾನ ತಜ್ಞ, ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಸಂಸಾರಸ್ಥ. ಅವರ ನಿಷ್ಠೆಯ ಬಗ್ಗೆ ತನಗೆ ಯಾವ ಸಂಶಯವೂ ಇಲ್ಲವೆಂದು ವಾಯುಪಡೆಯೇ ಹೇಳಿತು. ಆದರೂ ಅವರು ಭದ್ರತೆಗೆ ಅಪಾಯಕಾರಿ ಎಂದಿತು, ಏಕೆಂದರೆ ಅವರ ತಂದೆ ಮತ್ತು ಸಹೋದರಿಯ ಒಲವುಗಳು ಶಂಕಾಸ್ಪದವಂತೆ. ತಂದೆ ಸರ್ಬಿಯಾದಿಂದ ವಲಸೆ ಬಂದು ಕಲ್ಲಿದ್ದಲು ಗಣಿಯಲ್ಲೂ ಮೋಟಾರು ಕಾರ್ಖಾನೆಯ ಕುಲುಮೆಯ ಮುಂದೆಯೂ ಆಯುಷ್ಯ ಸವೆಸಿದ ಮನುಷ್ಯ. ತಾಯ್ನುಡಿಯ ಪತ್ರಿಕೆ ತರಿಸಿ ಓದುತ್ತಿದ್ದುದು ಆತನ ಮೇಲಿನ ಆರೋಪ. ವಿಚಾರಣೆಯಲ್ಲಿ ಸರ್ಕಾರದ ಕಡೆಯಿಂದ ಒಬ್ಬ ಸಾಕ್ಷಿಯೂ ಬರಲಿಲ್ಲ, ಆರೋಪಗಳಿದ್ದ ಲಕೋಟೆಯನ್ನು ತೆರೆಯಲೂ ಇಲ್ಲ. ತಂದೆಯನ್ನೂ ಸಹೋದರಿಯನ್ನೂ ಬಹಿರಂಗವಾಗಿ ತೊರೆದರೆ ಹುದ್ದೆ ಉಳಿಯಬಹುದಿತ್ತು. ಮಗ ಒಪ್ಪಲಿಲ್ಲ. ತಂದೆ ಅಧ್ಯಕ್ಷರಿಗೆ ಪತ್ರ ಬರೆದು, ತನಗಾಗಿ ಏನೂ ಬೇಡ, ಮಗನಿಗೆ ನ್ಯಾಯ ಸಿಕ್ಕರೆ ಸಾಕು ಎಂದು ಬೇಡಿಕೊಂಡರು. ಅಕ್ಟೋಬರ್ 20ರಂದು ಪತ್ರಕರ್ತ ಎಡ್ವರ್ಡ್ ಮರೋ ಟೆಲಿವಿಷನ್ನಿನಲ್ಲಿ ಈ ಕಥೆಯನ್ನು ದೇಶದ ಮುಂದಿಟ್ಟ ಮೇಲೆ, ಸುಮಾರು ಐದು ವಾರಗಳಲ್ಲಿ ವಾಯುಪಡೆ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಸಂಸ್ಥೆಗಳು ತಮ್ಮನ್ನು ತಾವೇ ತಿದ್ದಿಕೊಂಡವು ಎಂಬ ವಾದಕ್ಕೆ ಇದು ಉದಾಹರಣೆಯಾಗಲಾರದು. ಇಲ್ಲಿ ತಿದ್ದಿದ್ದು ಕ್ಯಾಮೆರಾ. ಕ್ಯಾಮೆರಾ ತಲುಪದ ಮನೆಗಳಲ್ಲಿ ಯಾರು ಯಾರನ್ನು ತೊರೆಯಬೇಕಾಯಿತು ಎಂಬ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ, ಅದು ನನ್ನನ್ನು ಬಹಳವಾಗಿ ಕಾಡುತ್ತದೆ.

ಎಲ್ಲ ತಪ್ಪನ್ನೂ ಮೆಕಾರ್ಥಿಯ ತಲೆಗೆ ಕಟ್ಟುವುದು ಅನುಕೂಲದ ಮಾತು. ಅವರು 1950ರ ಫೆಬ್ರವರಿಯಲ್ಲಿ ವ್ಹೀಲಿಂಗ್ ಪಟ್ಟಣದಲ್ಲಿ ಕಮ್ಯುನಿಸ್ಟರ ಪಟ್ಟಿಯೆಂದು ಕಾಗದ ಹಿಡಿದು ಭಾಷಣ ಮಾಡುವ ಮುನ್ನವೇ, ಕಮ್ಯುನಿಸ್ಟರೆಂಬ ಶಂಕೆ ಬಂದವರಿಗೆ ಕೆಲಸ ಕೊಡದ ಹಾಲಿವುಡ್ಡಿನ ಕಪ್ಪುಪಟ್ಟಿ ಜಾರಿಯಲ್ಲಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮುಚ್ಚಳಿಕೆಗೆ ಸಹಿ ಹಾಕಲೊಪ್ಪದ 31 ಅಧ್ಯಾಪಕರನ್ನು ಹೊರಹಾಕಿತು. ಸೆನೆಟ್ ಛೀಮಾರಿ ಹಾಕಿದ ಬಳಿಕವೂ, ಟ್ರೂಮನ್ ನಂತರದ ಅಧ್ಯಕ್ಷ ಐಸೆನ್‌ಹೋವರ್ ಅವರು ನೌಕರರ ಭದ್ರತಾ ತನಿಖೆಗಾಗಿ ಹೊರಡಿಸಿದ 1953ರ ಆಜ್ಞೆ ಜಾರಿಯಲ್ಲೇ ಇತ್ತು. ಸಲಿಂಗಿಗಳೆಂಬ ಒಂದೇ ಕಾರಣಕ್ಕೆ ಸಾವಿರಾರು ಜನ ಸರ್ಕಾರಿ ಕೆಲಸ ಕಳೆದುಕೊಂಡರು. ಹೊಗಳಿಸಿಕೊಳ್ಳುವ ಶಿಕ್ಷಣ ಕಾಯ್ದೆಯೂ ಸಾಲ ಕೇಳಿ ಬಂದ ಬಡ ವಿದ್ಯಾರ್ಥಿಯಿಂದ ದೇಶನಿಷ್ಠೆಯ ಪ್ರಮಾಣಪತ್ರ ಬರೆಸಿಕೊಳ್ಳುತ್ತಿತ್ತು.

ಮಾಸ್ಕೋದಲ್ಲಿ ತೋರಿಸಿದ ಮನೆಯ ಬಾಗಿಲು ಯಾರಿಗೆ ತೆರೆದಿತ್ತು ಎಂಬುದನ್ನೂ ಕೇಳಬೇಕು. ನ್ಯೂಯಾರ್ಕಿನ ಹೊರವಲಯದಲ್ಲಿ 1947ರಿಂದ 17,000ಕ್ಕೂ ಹೆಚ್ಚು ಮನೆಗಳ ಲೆವಿಟೌನ್ ಬಡಾವಣೆ ಕಟ್ಟಿದ ವಿಲಿಯಂ ಲೆವಿಟ್, ಸ್ವಂತ ಮನೆ ಮತ್ತು ಹಿತ್ತಿಲು ಇರುವವನಿಗೆ ಕಮ್ಯುನಿಸ್ಟ್ ಆಗಲು ಪುರುಸೊತ್ತೇ ಇರದು ಎನ್ನುತ್ತಿದ್ದರು. ಅವರ ಕರಾರುಪತ್ರದಲ್ಲಿ ಬಿಳಿಯರಲ್ಲದವರು ಮನೆಗೆಲಸದವರಾಗಿ ಹೊರತು ಅಲ್ಲಿ ವಾಸಿಸಕೂಡದು ಎಂಬ ಷರತ್ತಿತ್ತು. ಸರ್ಕಾರ ಖಾತರಿ ಕೊಟ್ಟ ಗೃಹಸಾಲಗಳೂ ಅದೇ ಗೆರೆಯನ್ನು ಅನುಸರಿಸಿದವು. ಆ ಹಳದಿ ಅಡುಗೆಮನೆಯ ಯಂತ್ರಗಳೆಲ್ಲ ಗೃಹಿಣಿಯರ ಕೆಲಸ ಹಗುರ ಮಾಡಲು ಎಂದು ನಿಕ್ಸನ್ ವಿವರಿಸಿದರು. ಯುದ್ಧಕಾಲದಲ್ಲಿ ಕಾರ್ಖಾನೆ ನಡೆಸಿದ್ದ ಹೆಂಗಸರು ಅದೇ ಅಡುಗೆಮನೆಯಲ್ಲಿ ಇರಬೇಕೆಂಬುದು ಆ ವಿವರಣೆಯೊಳಗೇ ಅಡಗಿತ್ತು. ಅವರ ಮಕ್ಕಳು ಶಾಲೆಯಲ್ಲಿ ಬಾಂಬು ಬಿದ್ದರೆ ಡೆಸ್ಕಿನ ಕೆಳಗೆ ತಲೆ ಮುಚ್ಚಿ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದರು. ನ್ಯೂಯಾರ್ಕ್ ನಗರ 1952ರಲ್ಲಿ ಶಾಲಾ ಮಕ್ಕಳಿಗೆ ಗುರುತಿನ ಲೋಹದ ಬಿಲ್ಲೆಗಳನ್ನು ಹಂಚಿತು.

ಪರವಾದದ ಅತ್ಯಂತ ಬಲವಾದ ಭಾಗ ನಾಗರಿಕ ಹಕ್ಕುಗಳದ್ದು, ಹಾಗಾಗಿ ಅದನ್ನು ಒರೆಗೆ ಹಚ್ಚಬೇಕು. ಹೊರಗಿನ ಮಾನದ ಚಿಂತೆ ಕೆಲವು ಬಾಗಿಲು ತೆರೆಸಿದ್ದು ನಿಜ. ಆದರೆ ಅದೇ ಭಯ ಆ ಬಾಗಿಲು ಬಡಿದವರ ಬೆನ್ನು ಮುರಿಯಿತು. ಗಾಯಕ ಪಾಲ್ ರೋಬ್ಸನ್ ಅವರ ಪಾಸ್‌ಪೋರ್ಟನ್ನು 1950ರಲ್ಲಿ ಕಿತ್ತುಕೊಂಡ ಸರ್ಕಾರ ಎಂಟು ವರ್ಷ ಹಿಂದಿರುಗಿಸಲಿಲ್ಲ. ಕಪ್ಪು ಜನರ ಸ್ಥಿತಿಯ ಬಗ್ಗೆ ವಿದೇಶಗಳಲ್ಲಿ ಮಾತಾಡುತ್ತಾರೆ ಎಂಬುದೇ ಅದಕ್ಕೆ ಒಂದು ಕಾರಣವಾಗಿತ್ತು. 82 ದಾಟಿದ್ದ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ 1951ರಲ್ಲಿ ಕೈಕೋಳ ತೊಡಿಸಿ ನ್ಯಾಯಾಲಯಕ್ಕೆ ಕರೆತಂದರು, ಆದರೆ ಆರೋಪ ಸಾಬೀತಾಗಲಿಲ್ಲ. ದಕ್ಷಿಣದ ರಾಜಕಾರಣಿಗಳು ಸಮಾನತೆ ಕೇಳಿದವರನ್ನೆಲ್ಲ ಕೆಂಪು ಬಣ್ಣದಲ್ಲಿ ಅದ್ದಿದರು. 1963ರ ಅಕ್ಟೋಬರಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ದೂರವಾಣಿಗೆ ಕದ್ದಾಲಿಕೆ ಅಳವಡಿಸಲು ಅನುಮತಿ ಸಿಕ್ಕಿದ್ದೂ ಅವರ ಸಲಹೆಗಾರರೊಬ್ಬರು ಕಮ್ಯುನಿಸ್ಟ್ ಇರಬಹುದೆಂಬ ನೆಪದಲ್ಲೇ. ಭಯವಿಲ್ಲದಿದ್ದರೆ ಸುಧಾರಣೆ ತಡವಾಗುತ್ತಿತ್ತು ಎನ್ನುವವರು, ಭಯದಿಂದಾಗಿ ಆ ಚಳವಳಿ ಕಳೆದುಕೊಂಡ ನಾಯಕರನ್ನೂ ಕೈಬಿಟ್ಟ ಬೇಡಿಕೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೂಲಿ, ವಸತಿ, ಸಂಪತ್ತಿನ ಹಂಚಿಕೆಯ ಪ್ರಶ್ನೆ ಎತ್ತಿದ ಕ್ಷಣವೇ ಕಮ್ಯುನಿಸ್ಟ್ ಎನ್ನಿಸಿಕೊಳ್ಳುವ ಕಾಲದಲ್ಲಿ, ಹೋರಾಟ ಶಾಲೆ, ಬಸ್ಸು, ಮತದಾನದ ಹಕ್ಕಿನ ಭಾಷೆಯೊಳಗೇ ಹೆಚ್ಚಾಗಿ ಮಾತಾಡಬೇಕಾಯಿತು.

ಜನಸಾಮಾನ್ಯರಿಗೆ ಆದ ಅತಿ ದೊಡ್ಡ ನಷ್ಟ ವೈದ್ಯಕೀಯದಲ್ಲಿ ಆಯಿತೆಂದು ನನ್ನ ಎಣಿಕೆ. ಟ್ರೂಮನ್ 1945ರ ನವೆಂಬರಿನಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಒದಗಿಸುವ ಯೋಜನೆ ಮುಂದಿಟ್ಟಿದ್ದರು. 1949ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘ ಪ್ರತಿ ಸದಸ್ಯನಿಂದ 25 ಡಾಲರ್ ವಂತಿಗೆ ಎತ್ತಿ, ಇದು ಸಮಾಜವಾದಿ ವೈದ್ಯಕೀಯ ಎಂಬ ಪ್ರಚಾರವನ್ನು ಆಸ್ಪತ್ರೆಯ ಕಾಯುವ ಕೋಣೆಗಳವರೆಗೂ ಒಯ್ದಿತು. ಕರಪತ್ರಗಳು ಎಬ್ಬಿಸಿದ ಹೆದರಿಕೆಯ ಮುಂದೆ ಯೋಜನೆಯ ಗುಣದೋಷಗಳ ಚರ್ಚೆ ನಿಲ್ಲಲಿಲ್ಲ, ಸಂಸತ್ತಿನಲ್ಲಿ ಅದು ಸೋತಿತು. ದೊಡ್ಡ ಕಾರ್ಮಿಕ ಸಂಘಗಳು ಮಾಲೀಕರೊಡನೆ ಕರಾರು ಮಾಡಿಕೊಂಡು ತಮ್ಮ ಸದಸ್ಯರಿಗಷ್ಟೇ ವಿಮೆ ಪಡೆದವು. 1965ರಲ್ಲಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಬಂದದ್ದು 65 ವರ್ಷ ದಾಟಿದವರಿಗೆ ಮಾತ್ರ. ದುಡಿಯುವ ವಯಸ್ಸಿನ ಬಹುಪಾಲು ಅಮೆರಿಕನ್ನರ ವಿಮೆ ಇಂದಿಗೂ ಅವರ ನೌಕರಿಗೆ ಅಂಟಿಕೊಂಡಿದೆ, ನೌಕರಿ ಹೋದರೆ ಅದೂ ಹೋಗುತ್ತದೆ.