ಗೀಸರ್ ಬಿಚ್ಚದೇ ‘ಬಿಸಾಕಿ’ ಅನ್ನುವವರಿಗೆ

ರಿಪೇರಿಗೆ ಬಂದವನು ಮೊದಲು ಮಾಡಬೇಕಾದ ಕೆಲಸ ಏನು? ಮುಚ್ಚಳ ಬಿಚ್ಚಿ ನೋಡುವುದು ಅಲ್ವಾ? ನಮ್ಮ ಮನೆಗೆ ಬಂದ ಮಹಾನುಭಾವ ಬಾತ್‌ರೂಮಿನ ಬಾಗಿಲಲ್ಲೇ ನಿಂತು, ತಲೆ ಎತ್ತಿ ಗೀಸರ್ ನೋಡಿ, "ಹಳೇದಾಯ್ತು ಸಾರ್, ಹೊಸದು ಹಾಕಿಸಿಬಿಡಿ" ಅಂದ. ಬ್ಯಾಗಿನಿಂದ ಸ್ಕ್ರೂಡ್ರೈವರ್ ಹೊರಗೆ ಬರಲೇ ಇಲ್ಲ. ಹೊಸ ಮಾಡೆಲ್‌ಗಳ ಬಣ್ಣದ ಕಾಗದ ಮಾತ್ರ ಬಂತು. ಇಷ್ಟಕ್ಕೆ ವಿಸಿಟಿಂಗ್ ಚಾರ್ಜ್ ಬೇರೆ!

ಆಗಿದ್ದು ಇಷ್ಟೇ. ಗೀಸರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಕರೆಂಟ್ ಟ್ರಿಪ್ ಆಗುತ್ತಿತ್ತು. ಟ್ಯಾಂಕ್ ಒಂದು ಹನಿಯೂ ಸೋರಿಲ್ಲ. ಟ್ಯಾಂಕೇ ತೂತಾಗಿದ್ದರೆ ಬದಲಾಯಿಸಲೇಬೇಕು, ಅದು ನನಗೂ ಗೊತ್ತು. ಆದರೆ ಟ್ರಿಪ್ ಆಗುವುದು ಹೆಚ್ಚಾಗಿ ಕಾಯಿಲ್‌ನ ತಕರಾರು. ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣ ಕಾಯಿಲ್ ಮೇಲೆ ಕೂರುತ್ತದೆ. ಪದರ ದಪ್ಪವಾದಷ್ಟೂ ಶಾಖ ನೀರಿಗೆ ಇಳಿಯದೆ ಕಾಯಿಲ್ ಒಳಗೇ ಕಾಯುತ್ತದೆ. ಕೊನೆಗೆ ಅದರ ಕವಚ ಬಿರುಕು ಬಿಟ್ಟು ಕರೆಂಟ್ ನೀರಿಗೆ ಸೋರುತ್ತದೆ. ಹೀಗೆ ಸೋರಿದಾಗ ತಾನಾಗಿಯೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್ಚೇ ಆರ್‌ಸಿಸಿಬಿ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು. ಅಷ್ಟು ಸೋರಿದರೆ ಬೀಳುತ್ತದೆ. ಬೀಳಲೇಬೇಕು, ಅದು ಇರುವುದೇ ಅದಕ್ಕೆ.

ಎರಡನೆಯವನು ಪುಣ್ಯಾತ್ಮ, ಬಿಚ್ಚಿದ. ಹೊರಗೆ ಬಂದ ಕಾಯಿಲ್ ನೋಡಬೇಕಿತ್ತು: ಮೈತುಂಬ ಬಿಳಿ ಹೆಕ್ಕಳ, ಉಗುರಿನಿಂದ ಕೆರೆದರೆ ಚೂರುಚೂರಾಗಿ ಉದುರುತ್ತಿತ್ತು. ಪಕ್ಕದಲ್ಲಿ ಮೆಗ್ನೀಸಿಯಂ ಕಡ್ಡಿ ಇರಬೇಕಾದ ಜಾಗದಲ್ಲಿ ಒಂದು ಸೊಟ್ಟ ತಂತಿ. ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ತಾನು ಸವೆಯುವ ಕಡ್ಡಿ ಅದು, ಆಗಾಗ ಬದಲಾಯಿಸಬೇಕು. ಇಷ್ಟು ವರ್ಷ ಸರ್ವೀಸ್ ಅಂತ ಬಂದು, ಹೊರಗೆ ಬಟ್ಟೆಯಲ್ಲಿ ಒರೆಸಿ, ಸಹಿ ಹಾಕಿಸಿಕೊಂಡು ಹೋದ ಒಬ್ಬನಾದರೂ ಆ ಕಡ್ಡಿಯ ಸುದ್ದಿ ಎತ್ತಿದನಾ?

ಇವನ ಪರಿಹಾರ ಕೇಳಿ ಮಾತ್ರ ಎದೆ ಧಸಕ್ಕೆಂದಿತು. "ಸದ್ಯಕ್ಕೆ ಅರ್ಥಿಂಗ್ ವೈರ್ ತೆಗೆದುಬಿಡೋಣ ಸಾರ್, ಟ್ರಿಪ್ ಆಗಲ್ಲ." ಅಯ್ಯಾ, ಟ್ರಿಪ್ ಆಗದಿರಬಹುದು. ಆದರೆ ಸೋರುವ ಕರೆಂಟಿಗೆ ಇರುವ ದಾರಿ ಮುಚ್ಚಿದರೆ, ಒದ್ದೆ ಮೈಯಲ್ಲಿ ನಲ್ಲಿ ಮುಟ್ಟಿದವನೇ ಅರ್ಥಿಂಗ್! ಇದನ್ನು ಅವನು ಟೀ ಕುಡಿಯೋಣ ಅನ್ನುವಷ್ಟು ಸಲೀಸಾಗಿ ಹೇಳಿದ. ಇನ್ನೆಷ್ಟು ಮನೆಯಲ್ಲಿ ಹೀಗೆ ತೆಗೆದು ಹೋಗಿದ್ದಾನೋ.

ಕಂಪನಿಗೆ ಫೋನ್ ಮಾಡಿದರೆ ಅಲ್ಲಿ ಇನ್ನೊಂದು ರಾಗ. ಹೊಸದು ಕರೆಂಟ್ ತುಂಬಾ ಉಳಿಸುತ್ತದಂತೆ. ಎಲ್ಲಿಂದ ಉಳಿಸುತ್ತೆ? 25 ಲೀಟರ್ ನೀರನ್ನು 20 ಡಿಗ್ರಿಯಿಂದ 55ಕ್ಕೆ ಏರಿಸಲು ಹತ್ತಿರ ಹತ್ತಿರ ಒಂದು ಯೂನಿಟ್ ಬೇಕು. ಹಳೇ ಕಾಯಿಲ್ ಆದರೂ ಅಷ್ಟೇ, ಹೊಸದಾದರೂ ಅಷ್ಟೇ. ಹೊಸದರಲ್ಲಿ ಉಳಿಯುವುದು ಕಾದ ನೀರು ಸುಮ್ನೆ ನಿಂತು ಆರುವಾಗ ಹೋಗುವ ಶಾಖ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಆಮೇಲೆ ಆಫ್ ಮಾಡುವ ಮನೆಯಲ್ಲಿ ಅದೆಷ್ಟು ಉಳಿದೀತು? ಇದನ್ನೇ ಕೇಳಿದೆ. "ಹೋಲ್ಡ್ ಮಾಡಿ ಸಾರ್" ಅಂದರು. ಸಂಗೀತ ಕೇಳಿಸಿದರು. ಕಟ್ ಆಯಿತು.

ಮತ್ತೆ ಮಾಡಿ, ಉಪದೇಶ ಬೇಡಮ್ಮ, ಒಂದು ಕಾಯಿಲ್ ಕೊಡಿ ಸಾಕು ಅಂದೆ. ಆ ಮಾಡೆಲ್‌ನದು ನಿಲ್ಲಿಸಿದ್ದಾರಂತೆ. ಹೊಸ ಮಾಡೆಲ್‌ನದು ಹಾಕೋಣವೆಂದರೆ ಕೂರಲ್ಲ, ಕಾಯಿಲ್ ಕೂರಿಸುವ ತಟ್ಟೆಯ ಬೋಲ್ಟ್ ತೂತುಗಳನ್ನೇ ಜರುಗಿಸಿಟ್ಟಿದ್ದಾರೆ. ಅದೇ ಕಂಪನಿ, ಅದೇ 25 ಲೀಟರ್, ಅದೇ ಎರಡು ಕಿಲೋವ್ಯಾಟ್. ತೂತು ಮಾತ್ರ ಬೇರೆ. ಯಾಕೆ ಜರುಗಿಸಿದಿರಿ ಅಂದರೆ "ಡಿಸೈನ್ ಅಪ್‌ಗ್ರೇಡ್ ಸಾರ್." ನಾಲ್ಕು ಬೋಲ್ಟ್ ಕೂರಲ್ಲ ಅಂತ ಗಟ್ಟಿಮುಟ್ಟಾದ ಟ್ಯಾಂಕನ್ನು ಗುಜರಿಗೆ ಹಾಕಬೇಕಂತೆ. ನಾನು ಹಾಕಲ್ಲ. ಈ ಅಳತೆಯ ಕಾಯಿಲ್ ಎಲ್ಲಿ ಸಿಗುತ್ತದೆಂದು ಗೊತ್ತಿದ್ದವರು ದಯವಿಟ್ಟು ಹೇಳಿ.