ವೈದ್ಯಕೀಯವಾಗಿ ಸಾಬೀತು, ಷರತ್ತುಗಳು ಅನ್ವಯ

ಮತ್ತೊಂದು ಟೂತ್‌ಪೇಸ್ಟ್ ಬಂದಿದೆ, ಮತ್ತೊಮ್ಮೆ 'ವೈದ್ಯಕೀಯವಾಗಿ ಸಾಬೀತಾಗಿದೆ'. ಬಿಳಿ ಕೋಟು ತೊಟ್ಟವರೊಬ್ಬರು ಹಲ್ಲು ಕಿರಿದು ಅದನ್ನು ಹೇಳಿದ್ದನ್ನು ನೀವೂ ನೋಡಿದ್ದೀರಿ. ವಾಕ್ಯದ ತುದಿಗೆ ಚಿಕ್ಕದೊಂದು ನಕ್ಷತ್ರ ಅಂಟಿಕೊಂಡಿತ್ತಲ್ಲ, ಅದು ಕಂಡಿತೇ? ಅದರ ಕೆಳಗೆ ಇರುವೆಗೂ ಕನ್ನಡಕ ಬೇಕಾಗುವಂಥ ಅಕ್ಷರದಲ್ಲಿ 'ಆರು ವಾರ ಸತತ ಬಳಸಿದ ನಂತರ, ಸಾಧಾರಣ ಟೂತ್‌ಪೇಸ್ಟ್‌ಗೆ ಹೋಲಿಸಿದಾಗ' ಎಂದಿರುತ್ತದೆ. ಈ ವಾರದ ಅಂಕಣ ಆ ನಕ್ಷತ್ರಕ್ಕೆ ಅರ್ಪಣೆ.

ಸಾಬೀತು ಮಾಡುವುದು ಕಷ್ಟದ ಕೆಲಸವೇನಲ್ಲ. ಮೊದಲು ಒಸಡು ಅಷ್ಟಿಷ್ಟು ಕೆಂಪಾದ, ಮಿಕ್ಕಂತೆ ಗಟ್ಟಿಮುಟ್ಟಾದ ಜನರನ್ನು ಸೇರಿಸಿಕೊಳ್ಳಿ. ಸಕ್ಕರೆ ಕಾಯಿಲೆಯವರು, ಸಿಗರೇಟು ಸೇದುವವರು, ಹಲ್ಲು ಅಲುಗಾಡುವವರು ಬಾಗಿಲಲ್ಲೇ ವಾಪಸ್ಸು. ಅಂದರೆ ಒಸಡಿನ ರೋಗ ಯಾರನ್ನು ನಿಜವಾಗಿ ಕಾಡುತ್ತದೋ ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಸ್ವಾಗತ. ಒಂದು ಗುಂಪಿಗೆ ನಿಮ್ಮ ಪೇಸ್ಟ್ ಕೊಡಿ, ಇನ್ನೊಂದಕ್ಕೆ ಬರೀ ಫ್ಲೋರೈಡ್ ಇರುವ ಸಾದಾ ಪೇಸ್ಟ್. ಅಂಗಡಿಯಲ್ಲಿ ನಿಮಗೆ ಪೈಪೋಟಿ ಕೊಡುವ ಪೇಸ್ಟ್‌ನ ತಂಟೆಗೆ ಹೋಗಬೇಡಿ. ಇಂತಿಂಥ ದಿನ ಬಾಯಿ ತೆರೆದು ತೋರಿಸಬೇಕು ಎಂದು ಗೊತ್ತಾದ ಮೇಲೆ ಎರಡೂ ಗುಂಪಿನವರು ಜೀವಮಾನದಲ್ಲಿ ಉಜ್ಜದಷ್ಟು ಶ್ರದ್ಧೆಯಿಂದ ಉಜ್ಜುತ್ತಾರೆ, ಎರಡೂ ಗುಂಪಿನ ಒಸಡು ಸುಧಾರಿಸುತ್ತದೆ. ಚಿಂತೆ ಬೇಡ, ನಮಗೆ ಬೇಕಾಗಿರುವುದು ನಡುವಿನ ಕೂದಲೆಳೆಯಷ್ಟು ಅಂತರ ಮಾತ್ರ.

ಆ ಅಂತರ ಹುಟ್ಟುವ ಬಗೆ ಸೊಗಸಾಗಿದೆ. 1963ರಿಂದ ಬಳಕೆಯಲ್ಲಿರುವ ಒಸಡಿನ ಸೂಚ್ಯಂಕದಲ್ಲಿ ನಾಲ್ಕೇ ಅಂಕಗಳು. ಆರೋಗ್ಯವಾಗಿದ್ದರೆ 0, ಬಣ್ಣ ಕೊಂಚ ಬದಲಾಗಿ ಮುಟ್ಟಿದರೆ ರಕ್ತ ಬಾರದಿದ್ದರೆ 1, ಮುಟ್ಟಿದರೆ ರಕ್ತ ಬಂದರೆ 2, ತಾನಾಗಿಯೇ ರಕ್ತ ಜಿನುಗಿದರೆ 3. ಇವು ಅಳತೆಗಳಲ್ಲ, ಹಣೆಪಟ್ಟಿಗಳು. 1.5 ಎಂಬ ಒಸಡು ಯಾರ ಬಾಯಲ್ಲೂ ಇಲ್ಲ. ಆದರೆ ಸರಾಸರಿ ತೆಗೆದರೆ ಅದೂ ಹುಟ್ಟುತ್ತದೆ. ಸಾದಾ ಪೇಸ್ಟ್‌ಗೆ 1.7, ನಿಮ್ಮದಕ್ಕೆ 1.5 ಬಂತೆನ್ನಿ, 'ಒಸಡಿನ ಉರಿಯೂತ ಶೇ. 12 ಕಡಿಮೆ!' ಎಂದು ಅಚ್ಚು ಹಾಕಿಸಬಹುದು. ಉಜ್ಜಿ ಉಗುಳಿದಾಗ ರಕ್ತ ಕಾಣುವುದು ನಿಂತಿತೇ ಎಂದು ಬಾಯಿಯ ಒಡೆಯನನ್ನು ಯಾರೂ ಕೇಳುವುದಿಲ್ಲ.

ಒಸಡಿನ ಕೆಳಗಿನ ಪೊಳ್ಳಿನ ಆಳ ಅಳೆಯುವ ಕಡ್ಡಿಯದು ಇನ್ನೊಂದು ಮಹಿಮೆ. ಪ್ರೋಬ್ ಎಂಬ ಆ ಕಡ್ಡಿಯ ಮೇಲೆ ಗೀಟು ಇರುವುದೇ ಮಿಲಿಮೀಟರಿಗೊಂದು, ಕೆಲವದರಲ್ಲಿ ಅಷ್ಟೂ ಇಲ್ಲ. ಸುಮಾರು 25 ಗ್ರಾಂ ಒತ್ತಡದಲ್ಲಿ ಇಳಿಸಬೇಕು. ಕೈ ಭಾರವಾದರೆ ಆಳ ಹೆಚ್ಚುತ್ತದೆ, ಓರೆಯಾದರೆ ಬದಲಾಗುತ್ತದೆ. ಉರಿಯೂತವಿದ್ದ ಒಸಡಿನಲ್ಲಿ ಕಡ್ಡಿ ಒಳಗೆ ನುಗ್ಗುತ್ತದೆ, ವಾಸಿಯಾದ ಒಸಡು ತಡೆಯುತ್ತದೆ. ಅದೇ ಹಲ್ಲನ್ನು ಅದೇ ಪರೀಕ್ಷಕ ಮರುದಿನ ಅಳೆದರೆ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಬರುವುದು ಮಾಮೂಲು. ಈ ಕಡ್ಡಿ ಹಿಡಿದು 'ಸರಾಸರಿ 0.2 ಮಿಲಿಮೀಟರ್ ಸುಧಾರಣೆ' ಎಂದು ಬರೆಯುತ್ತಾರೆ. ಜನ ಕಡಿಮೆಯಾದರೋ? ಹಲ್ಲಿಗೆ ಆರು ಕಡೆಯಂತೆ 28 ಹಲ್ಲಿಗೆ 168 ಜಾಗ, 50 ಜನರಿಗೆ 8,400. ಒಂದೇ ಬಾಯಲ್ಲಿ, ಒಂದೇ ಎಂಜಲಿನಲ್ಲಿ ನೆನೆದ 168 ಜಾಗಗಳನ್ನು 168 ಬೇರೆ ಬೇರೆ ಮನುಷ್ಯರಂತೆ ಎಣಿಸಿಬಿಟ್ಟರೆ ಸಂಖ್ಯಾಶಾಸ್ತ್ರ ತಾನಾಗಿ ಚಪ್ಪಾಳೆ ತಟ್ಟುತ್ತದೆ. ಹಾಗೆ ಎಣಿಸಬಾರದು ಎಂದು ತಿಳಿದವರು ಹೇಳುತ್ತಲೇ ಬಂದಿದ್ದಾರೆ. ಹೇಳಲಿ ಬಿಡಿ.

ಇನ್ನು 'ಡಬಲ್ ಬ್ಲೈಂಡ್' ಪರೀಕ್ಷೆ, ಅಂದರೆ ಯಾರಿಗೆ ಯಾವುದು ಸಿಕ್ಕಿತೆಂದು ಕೊಟ್ಟವರಿಗೂ ತೆಗೆದುಕೊಂಡವರಿಗೂ ಗೊತ್ತಿರಬಾರದು. ಕ್ಲೋರ್‌ಹೆಕ್ಸಿಡಿನ್ ದ್ರವವನ್ನೇ ನೋಡಿ. ಶೇ. 0.2ರದ್ದು, 10 ಮಿಲಿಲೀಟರ್, ದಿನಕ್ಕೆರಡು ಸಲ ಒಂದೊಂದು ನಿಮಿಷ ಮುಕ್ಕಳಿಸಬೇಕು. ಹಲ್ಲಿನ ಪಾಚಿಯನ್ನು ಅದು ತಡೆಯುವುದು ನಿಜ, ಅದರಲ್ಲಿ ತಮಾಷೆಯಿಲ್ಲ. ಆದರೆ ಕೆಲವೇ ವಾರಗಳಲ್ಲಿ ಹಲ್ಲೂ ನಾಲಿಗೆಯೂ ಕಂದು ಬಣ್ಣಕ್ಕೆ ತಿರುಗುತ್ತವೆ, ನಾಲಿಗೆಗೆ ಉಪ್ಪಿನ ರುಚಿ ಸರಿಯಾಗಿ ಹತ್ತುವುದಿಲ್ಲ. ಕಂದು ಹಲ್ಲಿನವನಿಗೆ ಏನು ಸಿಕ್ಕಿತು, ಬಿಳಿ ಹಲ್ಲಿನವನಿಗೆ ಏನು ಸಿಕ್ಕಿತು ಎಂಬುದು ಪರೀಕ್ಷಕರಿಗೆ ಗೊತ್ತೇ ಆಗಲಿಲ್ಲವಂತೆ. ಪ್ರಬಂಧದಲ್ಲಿ ಹಾಗೆಂದು ಬರೆದಿದ್ದಾರೆ, ನಂಬೋಣ.

ನಗಬೇಕೆನಿಸಿದಾಗ ನೆನೆಯಲು ಒಂದು ಅಮೆರಿಕದ ಮೊಕದ್ದಮೆ ಇದೆ. ಬಾಯಿ ಮುಕ್ಕಳಿಸುವ ಲಿಸ್ಟರಿನ್ ದ್ರವ ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ದಾರದಷ್ಟೇ ಪರಿಣಾಮಕಾರಿ ಎಂದು ಫೈಜರ್ ಕಂಪನಿ ಜಾಹೀರಾತು ಕೊಟ್ಟಿತು. ಕೈಯಲ್ಲಿ ಎರಡು ಅಧ್ಯಯನಗಳೂ ಇದ್ದವು. ದಾರ ಮಾರುವ ಜಾನ್ಸನ್ ಅಂಡ್ ಜಾನ್ಸನ್ ಬಳಗ ಕೋರ್ಟಿಗೆ ಹೋಯಿತು. ಅಧ್ಯಯನದವರು ದಾರವನ್ನು ನೆಟ್ಟಗೆ ಬಳಸಿರಲೇ ಇಲ್ಲ, ಆದ್ದರಿಂದ ಇಲ್ಲಿ ಸಾಬೀತಾದದ್ದು ಈ ದ್ರವ ತಪ್ಪಾಗಿ ಬಳಸಿದ ದಾರಕ್ಕೆ ಸಮ ಎಂದಷ್ಟೇ, ಎಂದ ನ್ಯಾಯಾಧೀಶರು 2005ರ ಜನವರಿಯಲ್ಲಿ ಜಾಹೀರಾತು ನಿಲ್ಲಿಸಿದರು. ವಿಜ್ಞಾನ ಗೆದ್ದಿತು! ಮರುವರ್ಷವೇ ಜಾನ್ಸನ್ ಅಂಡ್ ಜಾನ್ಸನ್, ಫೈಜರ್‌ನ ಆ ವಿಭಾಗವನ್ನು ಲಿಸ್ಟರಿನ್ ಸಮೇತ ಕೊಂಡುಕೊಂಡಿತು. ದಾರವೂ ದ್ರವವೂ ಆಗ ಒಂದೇ ಸೂರಿನಡಿ ಬಂದವು. ಸಂಸಾರ ಎಂದಮೇಲೆ ಮಾತು ಬರುತ್ತದೆ, ಹೋಗುತ್ತದೆ.

ಹಾಗಾದರೆ ದಾರವಾದರೂ ಸಾಬೀತಾಗಿದೆಯೇ? 2016ರಲ್ಲಿ 'ಫ್ಲಾಸ್‌ಗೆ ಪುರಾವೆಯೇ ಇಲ್ಲ' ಎಂಬ ಸುದ್ದಿ ಬಂದಾಗ ಸೋಮಾರಿಗಳೆಲ್ಲ ವಿಜ್ಞಾನಪ್ರೇಮಿಗಳಾದದ್ದು ನೆನಪಿದೆಯಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಒಂದು ವಿಮರ್ಶೆ ಬಂದಿತ್ತು. ಮಕ್ಕಳಿಗೆ ಶಾಲೆಯಿರುವ ದಿನವೆಲ್ಲ ಪರಿಣತರೇ ಬಂದು ದಾರ ಹಾಕಿದರೆ 1.7 ವರ್ಷದಲ್ಲಿ ಹುಳುಕು ಶೇ. 40 ಇಳಿಯಿತು, ಮೂರು ತಿಂಗಳಿಗೊಮ್ಮೆ ಹಾಕಿದಾಗ ಏನೂ ಇಲ್ಲ, ಹರೆಯದವರು ತಾವೇ ಹಾಕಿಕೊಂಡಾಗಲೂ ಏನೂ ಇಲ್ಲ. ಸೋತದ್ದು ದಾರವಲ್ಲ, ಹಾಕುವ ಕೈ. ಮನೆಗೊಬ್ಬ ದಾರ ಹಾಕುವ ಪರಿಣತ ಎಂಬ ಯೋಜನೆಯನ್ನು ಯಾವುದಾದರೂ ಸರಕಾರ ಪ್ರಣಾಳಿಕೆಗೆ ಸೇರಿಸಿಕೊಳ್ಳಬಹುದು.

ಇಷ್ಟರ ನಡುವೆ ಸಕ್ಕರೆ ಎಲ್ಲಿ ಹೋಯಿತು? ಅದು ಹಣ ಕೊಡುವವರ ಸಾಲಿನಲ್ಲಿ ಕೂತಿದೆ. ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಬುದ್ಧಿಮಾಂದ್ಯರಿಗೆ ಅಂಟಂಟು ಟಾಫಿ ತಿನ್ನಿಸಿ ಹಲ್ಲು ಹಾಳಾಗುವುದನ್ನು ಅಳೆದರು. ಊಟಗಳ ನಡುವೆ ಪದೇ ಪದೇ ತಿನ್ನುವ ಅಂಟು ಸಿಹಿಯೇ ಹುಳುಕಿಗೆ ದೊಡ್ಡ ಕಾರಣ ಎಂಬ ಉತ್ತರ 1954ರಲ್ಲೇ ಅಚ್ಚಾಯಿತು. 1971ರಲ್ಲಿ ಅಮೆರಿಕದ ದಂತ ಸಂಶೋಧನಾ ಸಂಸ್ಥೆ ಹತ್ತೇ ವರ್ಷದಲ್ಲಿ ಹುಳುಕನ್ನು ನಿರ್ನಾಮ ಮಾಡಲು ಹೊರಟಿತು. ಅದು ಸಂಶೋಧಕರಿಂದ ಪ್ರಸ್ತಾವ ಕರೆದಾಗ, ಸಕ್ಕರೆ ಉದ್ಯಮ ಕೊಟ್ಟ ವರದಿಯ ಶೇ. 78 ಭಾಗ ಅದರೊಳಗೆ ನೇರವಾಗಿ ಇಳಿದಿತ್ತು ಎಂದು 2015ರಲ್ಲಿ ಹಳೆಯ ಕಡತ ಕೆದಕಿದವರು ತೋರಿಸಿದರು. ಪಾಚಿ ಕರಗಿಸುವ ಕಿಣ್ವ ಹುಡುಕೋಣ, ಹುಳುಕಿಗೆ ಲಸಿಕೆ ಹುಡುಕೋಣ, ಸಕ್ಕರೆ ಕಡಿಮೆ ಮಾಡುವುದೊಂದು ಮಾತ್ರ ಬೇಡ. ಲಸಿಕೆ ಇನ್ನೂ ಬಂದಿಲ್ಲ.

ನಗು ಇಲ್ಲಿಗೆ ಸಾಕು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಜನರಿಗೆ ಹಲ್ಲುಜ್ಜುವುದನ್ನು ಬಿಡಿಸಿದರು. ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ. 10ರಿಂದ 21 ದಿನಗಳಲ್ಲಿ ಎಲ್ಲರ ಒಸಡೂ ಉರಿಯೂತಕ್ಕೆ ತಿರುಗಿತು, ಮತ್ತೆ ಉಜ್ಜಲು ಕೊಟ್ಟಾಗ ವಾರದೊಳಗೆ ಸರಿಹೋಯಿತು. ಕಾರಣ ಗೊತ್ತಾಯಿತು, ಪರಿಹಾರವೂ ಗೊತ್ತಾಯಿತು. ಅದೇ ಲೋ ತಂಡ 1970ರಿಂದ 1985ರವರೆಗೆ ಶ್ರೀಲಂಕಾದ ಚಹಾ ತೋಟದ 480 ಕೂಲಿಗಳ ಬಾಯಿ ನೋಡುತ್ತ ಬಂತು. ಅವರಿಗೆ ಬ್ರಷ್ಷೂ ಇರಲಿಲ್ಲ, ದಂತವೈದ್ಯರೂ ಇರಲಿಲ್ಲ. ಶೇ. 8ರಷ್ಟು ಜನರಲ್ಲಿ ರೋಗ ವೇಗವಾಗಿ, ಶೇ. 81ರಷ್ಟರಲ್ಲಿ ಮಧ್ಯಮವಾಗಿ ಮುಂದುವರಿಯಿತು, ಶೇ. 11ರಷ್ಟರಲ್ಲಿ ಮುಂದುವರಿಯಲಿಲ್ಲ. ಈ ಅಂಕಿಗಳನ್ನು ಒಸಡಿನ ರೋಗದ 'ಸಹಜ ಇತಿಹಾಸ' ಎಂದು ದಂತವೈದ್ಯಕೀಯದ ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಅದರಲ್ಲಿ ಸಹಜವಾದದ್ದು ಏನು? ವಿದ್ಯಾರ್ಥಿಗಳ ಒಸಡಿಗೆ ಮೂರು ವಾರಕ್ಕೆ ಬ್ರಷ್ಷು ವಾಪಸ್ಸು ಬಂತು. ಕೂಲಿಯವರ ಹಲ್ಲು ಉದುರುವುದನ್ನು ಹದಿನೈದು ವರ್ಷ ಬರೆದುಕೊಂಡರು.

ಗೊತ್ತಿರುವುದನ್ನು ತಲುಪಿಸುವುದಕ್ಕೆ ಇಂದಿಗೂ ಆ ಹುರುಪಿಲ್ಲ. ಫ್ಲೋರೈಡ್ ಪೇಸ್ಟ್ ಮಕ್ಕಳಲ್ಲಿ ಹುಳುಕನ್ನು ಸರಾಸರಿ ಶೇ. 24 ತಗ್ಗಿಸುತ್ತದೆ, ಇದಕ್ಕೆ ಗಟ್ಟಿ ಪುರಾವೆ ಇದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಉಗುಳಬೇಕು, ನೀರು ತುಂಬಿ ಮುಕ್ಕಳಿಸಿದರೆ ಫ್ಲೋರೈಡೂ ಜೊತೆಗೇ ಹೋಗುತ್ತದೆ. ಜಾಹೀರಾತಿನಲ್ಲಿ ಮಾತ್ರ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಅಲೆಯಲೆಯಾಗಿ ಸುರಿಯುತ್ತಾರೆ. ಟ್ಯೂಬ್ ಬೇಗ ಖಾಲಿಯಾಗುತ್ತದೆ ಎಂಬುದಕ್ಕೆ ಯಾವ ಅಧ್ಯಯನವೂ ಬೇಕಿಲ್ಲ.

ಶೇ. 38ರ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವೂ ಇದೆ. ಹುಳುಕು ಹಲ್ಲನ್ನು ಹತ್ತಿಯಿಂದ ಒಣಗಿಸಿ, ತುಟಿಗೆ ವ್ಯಾಸಲಿನ್ ಸವರಿ, ಸಣ್ಣ ಕುಂಚದಿಂದ ಹನಿ ಹಚ್ಚಿ ಒಂದು ನಿಮಿಷ ಬಿಟ್ಟರಾಯಿತು. ಕೊರೆಯುವ ಯಂತ್ರ ಬೇಡ, ಕರೆಂಟು ಬೇಡ, ಸೂಜಿ ಬೇಡ. ವರ್ಷಕ್ಕೆರಡು ಸಲ ಹಚ್ಚಿದರೆ ಹೆಚ್ಚಿನ ಹುಳುಕು ಅಲ್ಲೇ ನಿಲ್ಲುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದರ ಜಾಹೀರಾತನ್ನು ನೀವು ನೋಡಿರಲಾರಿರಿ. ಹಚ್ಚಿದ ಹುಳುಕು ಕಪ್ಪಾಗುತ್ತದೆ. ಬಿಳಿ ಕೋಟಿನವರು ಕಪ್ಪು ಹಲ್ಲು ತೋರಿಸಿ ಏನನ್ನು ತಾನೇ ಮಾರಿಯಾರು?