ಆ ಗಂಟೆ ಸ್ಕ್ರಿಪ್ಟ್‌ನಲ್ಲಿರಲಿಲ್ಲ

'ಟಿವಿ ರೆಸ್ಲಿಂಗ್‌ನಲ್ಲಿ ಎಲ್ಲಾ ಮೊದಲೇ ಬರೆದದ್ದು, ತೆರೆಮರೆಯ ಜಗಳವೂ ನಾಟಕವೇ' ಅಂತ ಒಬ್ಬ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಆದರೆ 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ನಡೆದದ್ದು?

ಕೆನಡಾದ ರೆಸ್ಲರ್ ಬ್ರೆಟ್ ಹಾರ್ಟ್ ಆಗ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯೂಡಬ್ಲ್ಯೂಎಫ್‌ನ (ಈಗಿನ ಡಬ್ಲ್ಯೂಡಬ್ಲ್ಯೂಇ) ಚಾಂಪಿಯನ್. ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂಗೆ ಹೊರಟು ನಿಂತಿದ್ದರು. ತಮ್ಮ ಕೆನಡಾ ಜನರ ಮುಂದೆ, ಕಂಡರೆ ಆಗದ ಶಾನ್ ಮೈಕೆಲ್ಸ್‌ಗೆ ಸೋಲಲು ಒಪ್ಪಲಿಲ್ಲ. ಮಾಲೀಕ ವಿನ್ಸ್ ಮೆಕ್‌ಮಹನ್ ಹೂಂ ಅಂದರು. ಆಮೇಲೆ ಪಂದ್ಯದ ಮಧ್ಯೆ ತಾವೇ ರಿಂಗ್ ಪಕ್ಕ ನಿಂತು ಗಂಟೆ ಬಾರಿಸಲು ಹೇಳಿ, ಶಾನ್ ಗೆದ್ದರು ಅನ್ನಿಸಿಬಿಟ್ಟರು. ಬ್ರೆಟ್ ಸೋಲು ಒಪ್ಪಿಯೇ ಇರಲಿಲ್ಲ! ಅದೂ ಶಾನ್ ಹಾಕಿದ್ದು ಬ್ರೆಟ್ ಅವರದೇ ಪಟ್ಟು, ಶಾರ್ಪ್‌ಶೂಟರ್. ಬ್ರೆಟ್ ಅಲ್ಲೇ ಮಾಲೀಕರ ಮುಖಕ್ಕೆ ಉಗಿದರು. ಒಳಗೆ ಹೋದ ಮೇಲೆ ಗುದ್ದೂ ಬಿತ್ತು.

ಮಜಾ ಅಂದ್ರೆ, ಜನರ ಆ ಸಿಟ್ಟನ್ನೇ ಬಂಡವಾಳ ಮಾಡಿಕೊಂಡು ಮೆಕ್‌ಮಹನ್ ಟಿವಿಯಲ್ಲಿ ವಿಲನ್ ಬಾಸ್ ಆದರು. 2001ರಲ್ಲಿ ಡಬ್ಲ್ಯೂಸಿಡಬ್ಲ್ಯೂವನ್ನೇ ಕೊಂಡರು. ಬ್ರೆಟ್ ಮತ್ತೆ ಅವರ 'ರಾ' ಶೋಗೆ ಬಂದದ್ದು 2010ರಲ್ಲಿ.

ರಾಜಾಜಿನಗರದ ನಮ್ಮ ಬೀದಿಯಲ್ಲಿ ರೆಸ್ಲರ್‌ಗಳ ಚಿತ್ರದ ಟ್ರಂಪ್ ಕಾರ್ಡ್ ಹಿಡಿದು ಬ್ರೆಟ್ ಪರ ಕಿತ್ತಾಡಿದವನು ನಾನು, ಸ್ವಲ್ಪ ಪಕ್ಷಪಾತ ಇರಬಹುದು. ಅಮ್ಮ ಮಾತ್ರ ಆಗಲೂ 'ಎಲ್ಲಾ ಸುಳ್ಳು ಕಣೋ' ಅಂತ ಟಿವಿ ಆರಿಸುತ್ತಿದ್ದರು.